ಇಲ್ಲಿ ಎಂದರೆ ಯಾರ ಇಲ್ಲಿ?

ಹಳೆಯ ಕಾಗದಗಳನ್ನು ಓದಿದವರಿಗೆ ಮೊದಲ ಸಾಲು ಬಾಯಿಪಾಠವಾಗಿರುತ್ತದೆ. 'ಇಲ್ಲಿ ನಾವೆಲ್ಲರೂ ಕ್ಷೇಮ, ಅಲ್ಲಿ ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು.' ಕಾಗದ ಶಿರಸಿಯಿಂದ ಮುಂಬಯಿಗೆ ಹೋಗಿರಬಹುದು. ಅಲ್ಲಿ ಅದನ್ನು ಓದಿ ಹೇಳಿದವನು ಪಕ್ಕದ ಮನೆಯ ಹುಡುಗನಿರಬಹುದು. ಆದರೂ ಕೇಳುವವರಿಗೆ ಗೊಂದಲವಾಗುವುದಿಲ್ಲ. 'ಇಲ್ಲಿ' ಎಂದರೆ ಕಾಗದ ಬರೆದವರ ಮನೆ, ಓದುತ್ತಿರುವ ಹುಡುಗ ನಿಂತಿರುವ ಮನೆಯಲ್ಲ ಎಂದು ಎಲ್ಲರಿಗೂ ಗೊತ್ತು.

ಕಂಪ್ಯೂಟರ್ ಕಾಗದವನ್ನು ಹೀಗೆ ಓದುವುದಿಲ್ಲ. ಒಂದು ಫೈಲಿನಲ್ಲಿ 'ಇಲ್ಲೇ ಪಕ್ಕದಲ್ಲಿರುವ ಪಟ್ಟಿಯನ್ನು ತೆಗೆದು ಓದು' ಎಂದು ಬರೆದಿಟ್ಟರೆ, ಆ 'ಇಲ್ಲೇ' ಎಂಬುದನ್ನು ಅದು ಬಹಳ ಸಲ ಓದುವವನ ಜಾಗ ಎಂದೇ ತಿಳಿಯುತ್ತದೆ. ಕಾಗದ ಶಿರಸಿಯದು, ಓದಿಸಿದ್ದು ಮುಂಬಯಿಯಲ್ಲಿ. ಹಾಗಾಗಿ ಪಟ್ಟಿಯನ್ನು ಮುಂಬಯಿಯ ಮನೆಯಲ್ಲಿ ಹುಡುಕುತ್ತದೆ. ಸಿಗುವುದಿಲ್ಲ. 'ಅಂಥ ಫೈಲ್ ಇಲ್ಲ' ಎಂಬ ಒಂದು ಸಾಲು ಪರದೆಯ ಮೇಲೆ ಬರುತ್ತದೆ. ವೆಬ್ ಪ್ರೋಗ್ರಾಮಿಂಗ್ ಕಲಿಯಲು ಕೂತವರಲ್ಲಿ ಈ ಸಾಲನ್ನು ನೋಡದವರು ಕಡಿಮೆ.

ನಾನು ಕನ್ನಡದ ಹಳೆಯ ನಿಯತಕಾಲಿಕಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಯಾವ ಸಂಚಿಕೆಯಲ್ಲಿ ಯಾರು ಏನು ಬರೆದರು ಎಂಬ ಸೂಚಿಯನ್ನು ವೆಬ್‌ನಲ್ಲಿ ಹುಡುಕಲು ಸಾಧ್ಯವಾಗಲಿ ಎಂದು ಪಿಎಚ್‌ಪಿ, ಪೈಥಾನ್ ಕಲಿತೆ. ಈಗ ನಮ್ಮ ವಿಭಾಗದ ನಾಲ್ಕೈದು ಸಂಶೋಧನಾ ವಿದ್ಯಾರ್ಥಿಗಳು ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪ್ ತಂದು ಜೊತೆಗೆ ಕೂರುತ್ತಾರೆ. ಅವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: 'ಫೈಲು ಕಣ್ಣೆದುರಿಗೇ ಇದೆಯಲ್ಲ, ಇಲ್ಲ ಅಂತ ಯಾಕೆ ಹೇಳುತ್ತೆ?' ಇದಕ್ಕೆ ಒಂದು ಸಾಲಿನ ಉತ್ತರವಿದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಪ್ರಶ್ನೆ ಕೇಳಿದವರ ಮುಖದಲ್ಲಿ ಕಾಣುವುದು ಕುತೂಹಲಕ್ಕಿಂತ ಹೆಚ್ಚಾಗಿ ಸಂಕೋಚ. ತಮಗೆ ಇಷ್ಟು ಚಿಕ್ಕದೂ ತಿಳಿಯುವುದಿಲ್ಲ, ಇದು ಸಾಹಿತ್ಯ ಓದಿದವರ ಕೆಲಸವಲ್ಲ ಎಂದು ಅವರು ಅಂದುಕೊಳ್ಳುತ್ತಾರೆ. ಆ ಸಂಕೋಚಕ್ಕೆ ಒಂದು ಸಾಲಿನ ಉತ್ತರ ಸಾಲದು. ಈ ತೊಡಕಿಗೆ ಸುಮಾರು 60 ವರ್ಷದ ಚರಿತ್ರೆಯಿದೆ, ಅದರಲ್ಲಿ ಬಲು ಜಾಣರು ತಲೆ ಕೆರೆದುಕೊಂಡ ದಿನಗಳಿವೆ ಎಂದು ತಿಳಿದರೆ ಸಂಕೋಚ ಸ್ವಲ್ಪ ಇಳಿಯುತ್ತದೆ.

ಚರಿತ್ರೆಯನ್ನು 1965ರಿಂದ ಶುರುಮಾಡಬಹುದು. ಅಮೆರಿಕದ ಎಂಐಟಿ, ಬೆಲ್ ಲ್ಯಾಬ್ಸ್ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಮಲ್ಟಿಕ್ಸ್ ಎಂಬ ದೊಡ್ಡ ವ್ಯವಸ್ಥೆಯೊಂದನ್ನು ಕಟ್ಟಲು ಹೊರಟಿದ್ದವು. ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸಬೇಕು, ಎಲ್ಲರ ಫೈಲುಗಳೂ ಅದರೊಳಗೇ ಇರಬೇಕು. ಹೆಸರುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಇಡುವುದು ಹೇಗೆ? ಆ ವರ್ಷದ ಒಂದು ಸಮ್ಮೇಳನದಲ್ಲಿ ಆರ್. ಸಿ. ಡೇಲಿ ಮತ್ತು ಪಿ. ಜಿ. ನ್ಯೂಮನ್ ಮಂಡಿಸಿದ ಪ್ರಬಂಧ ಇದಕ್ಕೊಂದು ದಾರಿ ತೋರಿಸಿತು. ಫೈಲುಗಳನ್ನು ಮರದ ಹಾಗೆ ಜೋಡಿಸುವುದು. ಮೂಲದಲ್ಲಿ ಒಂದು ಬೇರು, ಅದರಿಂದ ಕವಲೊಡೆಯುವ ಡೈರೆಕ್ಟರಿಗಳು, ಅವುಗಳೊಳಗೆ ಇನ್ನಷ್ಟು ಡೈರೆಕ್ಟರಿಗಳು, ಕೊನೆಗೆ ಫೈಲು. ಬೇರಿನಿಂದ ಫೈಲಿನವರೆಗೆ ದಾರಿಯಲ್ಲಿ ಸಿಗುವ ಹೆಸರುಗಳನ್ನೆಲ್ಲ ಸಾಲಾಗಿ ಹೇಳಿದರೆ ಅದೇ ಫೈಲಿನ ಪೂರ್ತಿ ವಿಳಾಸ. ಇದನ್ನೇ ಈಗ ಪಾತ್ ಎನ್ನುತ್ತೇವೆ.

ಶಾಸನ ಓದಿದವರಿಗೆ ಇದು ಅಪರಿಚಿತವಲ್ಲ. ದಾನ ಕೊಟ್ಟ ಊರನ್ನು ಹೇಳುವಾಗ ಶಾಸನಗಳು ಅದು ಬನವಾಸಿ ಪನ್ನಿರ್ಛಾಸಿರದೊಳಗೋ ಬೆಳ್ವೊಲ ಮೂನೂರರೊಳಗೋ ಎಂದು ಹೇಳುತ್ತವೆ. ಒಂದೇ ಹೆಸರಿನ ಎರಡು ಊರುಗಳಿದ್ದರೂ ದೊಡ್ಡ ಘಟಕದಿಂದ ಚಿಕ್ಕದಕ್ಕೆ ಇಳಿದು ಬಂದರೆ ತಪ್ಪಾಗುವುದಿಲ್ಲ.

ಆದರೆ ಪ್ರತಿ ಸಲವೂ ಪೂರ್ತಿ ವಿಳಾಸ ಹೇಳುವುದು ಬೇಸರದ ಕೆಲಸ. ಒಂದೇ ಊರಿನಲ್ಲಿ ಕೂತು ಮಾತಾಡುವವರು 'ಕೆರೆ ಏರಿ' ಎನ್ನುತ್ತಾರೆಯೇ ಹೊರತು ರಾಜ್ಯ, ಜಿಲ್ಲೆ, ತಾಲೂಕು ಹೇಳಿ ಕೆರೆಗೆ ಬರುವುದಿಲ್ಲ. ಡೇಲಿ ಮತ್ತು ನ್ಯೂಮನ್ ಇದಕ್ಕೂ ಒಂದು ಉಪಾಯ ಮಾಡಿದರು. ಬಳಕೆದಾರ ಯಾವುದೇ ಗಳಿಗೆಯಲ್ಲಿ ಒಂದು ಡೈರೆಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದಾನೆ ಎಂದು ಭಾವಿಸುವುದು. ಅದಕ್ಕೆ ವರ್ಕಿಂಗ್ ಡೈರೆಕ್ಟರಿ ಎಂದು ಹೆಸರು. ಅದರೊಳಗಿನ ಫೈಲನ್ನು ಬರೀ ಹೆಸರಿನಿಂದ ಕರೆದರೆ ಸಾಕು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ 'ಇಲ್ಲಿ' ಹುಟ್ಟಿದ್ದು ಟರ್ಮಿನಲ್ ಮುಂದೆ ಕೂತ ಒಬ್ಬ ಮನುಷ್ಯನ ಬೆರಳಿನ ಶ್ರಮ ಉಳಿಸಲು. ತಾನು ಎಲ್ಲಿದ್ದೇನೆ ಎಂದು ಅವನಿಗೆ ಗೊತ್ತಿತ್ತು, ಮರೆತರೆ ಕೇಳಿಕೊಳ್ಳಬಹುದಿತ್ತು. 

1969ರಲ್ಲಿ ಬೆಲ್ ಲ್ಯಾಬ್ಸ್ ಮಲ್ಟಿಕ್ಸ್‌ನಿಂದ ಹೊರಬಂತು. ಅದರಲ್ಲಿ ಕೆಲಸ ಮಾಡಿದ್ದ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ, ಪಿಡಿಪಿ-7 ಎಂಬ ಚಿಕ್ಕ ಯಂತ್ರದ ಮೇಲೆ ಯುನಿಕ್ಸ್ ಕಟ್ಟಲು ತೊಡಗಿದರು. ಆ ಮೊದಲ ಯುನಿಕ್ಸ್‌ನಲ್ಲಿ ಪಾತ್ ಇರಲೇ ಇಲ್ಲ. ಡೈರೆಕ್ಟರಿಗಳಿದ್ದವು, ಆದರೆ ಫೈಲನ್ನು ಬರೀ ಹೆಸರಿನಿಂದಷ್ಟೇ ಕರೆಯಬೇಕಿತ್ತು, ಅದೂ ಈಗ ನಿಂತಿರುವ ಡೈರೆಕ್ಟರಿಯೊಳಗಿಂದ. ಈಗ ನಮಗೆ ಅಭ್ಯಾಸವಾಗಿರುವ ಓರೆ ಗೆರೆಯ, ಅಂದರೆ ಸ್ಲ್ಯಾಶ್‌ನ ಪಾತ್ ಪಿಡಿಪಿ-11ರ ಯುನಿಕ್ಸ್ ಹೊತ್ತಿಗೆ ಬಂತು. 1971ರ ನವೆಂಬರಿನ ಮೊದಲ ಕೈಪಿಡಿಯಲ್ಲಿ ಅದು ಇದೆ.

ಈ ಅವಧಿಯ ಒಂದು ಪ್ರಸಂಗವನ್ನು ರಿಚಿ ಆಮೇಲೆ ಬರೆದ ಲೇಖನವೊಂದರಲ್ಲಿ ಹೇಳಿದ್ದಾರೆ. ಒಂದು ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಮು, ತನ್ನದೇ ಪ್ರತಿಯೊಂದನ್ನು ಹುಟ್ಟಿಸುವ ಸೌಲಭ್ಯವನ್ನು ಅವರು ಯುನಿಕ್ಸ್‌ಗೆ ಸೇರಿಸಿದ್ದರು. ಅದರಿಂದ ಪ್ರತಿ ಆಜ್ಞೆಯನ್ನೂ ಒಂದು ಹೊಸ ಮರಿ ಪ್ರೊಸೆಸ್ ನಡೆಸುವಂತಾಯಿತು. ಎಲ್ಲರೂ ಸಂತೋಷದಲ್ಲಿದ್ದಾಗ ಗೊತ್ತಾಯಿತು, ಡೈರೆಕ್ಟರಿ ಬದಲಿಸುವ ಆಜ್ಞೆ ಕೆಲಸ ಮಾಡುವುದನ್ನೇ ಬಿಟ್ಟಿದೆ. ಕೋಡನ್ನು ಮತ್ತೆ ಮತ್ತೆ ಓದಿದರು. ಆಮೇಲೆ ಹೊಳೆಯಿತು: ಆಜ್ಞೆ ಸರಿಯಾಗಿಯೇ ನಡೆಯುತ್ತಿದೆ, ಆದರೆ ಜಾಗ ಬದಲಿಸುತ್ತಿರುವುದು ಮರಿ. ಅದು ಹೊಸ ಜಾಗಕ್ಕೆ ಹೋಗಿ ಅಲ್ಲೇ ಸಾಯುತ್ತದೆ. ತಾಯಿ ನಿಂತಲ್ಲೇ ನಿಂತಿರುತ್ತದೆ. ಕೊನೆಗೆ ಆ ಒಂದು ಆಜ್ಞೆಯನ್ನು ತಾಯಿಯೇ, ಅಂದರೆ ಶೆಲ್ ಎಂಬ ಪ್ರೋಗ್ರಾಮೇ, ತಾನಾಗಿ ನಡೆಸುವಂತೆ ಮಾಡಬೇಕಾಯಿತು.

ನಮ್ಮ ಶನಿವಾರದ ಗುಂಪಿಗೆ ನಾನು ಮೊದಲು ಹೇಳುವ ಕಥೆ ಇದು. ಯುನಿಕ್ಸ್ ಕಟ್ಟಿದವರನ್ನೇ ಕಂಗೆಡಿಸಿದ ಪ್ರಶ್ನೆ ನಮ್ಮನ್ನು ಕಂಗೆಡಿಸಿದರೆ ಆಶ್ಚರ್ಯವೇನು? ಆ ದಿನ ಅವರು ಕಂಡುಕೊಂಡದ್ದು ಇಂದಿಗೂ ನಿಜ. 'ಇಲ್ಲಿ' ಎಂಬುದು ಫೈಲಿಗೆ ಸೇರಿದ್ದಲ್ಲ, ಓಡುತ್ತಿರುವ ಪ್ರೊಸೆಸ್‌ಗೆ ಸೇರಿದ್ದು. ಪ್ರೊಸೆಸ್‌ಗೆ ಅದು ತಾಯಿಯಿಂದ ಬಳುವಳಿಯಾಗಿ ಬರುತ್ತದೆ. ಫೈಲು ಡಿಸ್ಕಿನಲ್ಲಿ ಎಲ್ಲಿದೆ ಎಂಬುದಕ್ಕೂ ಅದನ್ನು ಓಡಿಸುವಾಗಿನ 'ಇಲ್ಲಿ' ಎಂಬುದಕ್ಕೂ ಹುಟ್ಟಿನಿಂದ ಬಂದ ಸಂಬಂಧ ಯಾವುದೂ ಇಲ್ಲ.

ಓರೆ ಗೆರೆಯ ದಿಕ್ಕಿನದು ಇನ್ನೊಂದು ಕಥೆ. 1981ರಲ್ಲಿ ಬಂದ ಮೊದಲ ಡಾಸ್‌ನಲ್ಲಿ ಒಳ ಡೈರೆಕ್ಟರಿಗಳಿರಲಿಲ್ಲ. ಆಜ್ಞೆಗಳಿಗೆ ಆಯ್ಕೆಗಳನ್ನು ಸೂಚಿಸಲು ಅಲ್ಲಿ '/' ಚಿಹ್ನೆಯನ್ನು ಬಳಸಿಬಿಟ್ಟಿದ್ದರು. 1983ರಲ್ಲಿ ಎರಡನೇ ಡಾಸ್ ಡೈರೆಕ್ಟರಿಗಳ ಮರವನ್ನು ತಂದಾಗ ಆ ಚಿಹ್ನೆ ಖಾಲಿ ಇರಲಿಲ್ಲ. ಹಾಗಾಗಿ ತಿರುಗು ಗೆರೆ '\' ಬಂತು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬರೆದ ಪಾತ್, ಲಿನಕ್ಸ್ ಸರ್ವರಿಗೆ ಹೋದಾಗ ಮುಗ್ಗರಿಸುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಯವರೆಗಿನ ಕಥೆಯಲ್ಲಿ ವೆಬ್ ಇಲ್ಲ. 1989ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅದರ ಪ್ರಸ್ತಾವ ಬರೆದರು. 1990ರ ಕೊನೆಗೆ ಮೊದಲ ಸರ್ವರ್ ನಡೆಯುತ್ತಿತ್ತು. ಪುಟಗಳ ವಿಳಾಸಕ್ಕೆ ಅವರು ಯುನಿಕ್ಸ್‌ನ ಸ್ಲ್ಯಾಶ್‌ ಅನ್ನೇ ತೆಗೆದುಕೊಂಡರು. ಇದರಿಂದ ಒಂದು ಅನುಕೂಲವಾಯಿತು, ಒಂದು ಭ್ರಮೆಯೂ ಹುಟ್ಟಿತು. ಬ್ರೌಸರಿನ ವಿಳಾಸಪಟ್ಟಿಯಲ್ಲಿ '/ಸೂಚಿ/ಹುಡುಕು' ಎಂದು ಕಂಡರೆ, ಸರ್ವರಿನ ಡಿಸ್ಕಿನಲ್ಲಿಯೂ ಬೇರಿನ ಕೆಳಗೆ 'ಸೂಚಿ' ಎಂಬ ಫೋಲ್ಡರು, ಅದರೊಳಗೆ 'ಹುಡುಕು' ಎಂಬ ಫೈಲು ಇದೆ ಎಂದು ಕಲಿಯುವವರು ನಂಬುತ್ತಾರೆ. ನಂಬದಿರಲು ಕಾರಣವೂ ಕಾಣುವುದಿಲ್ಲ, ಎರಡೂ ಒಂದೇ ಥರ ಇವೆ. ಆದರೆ ಅವು ಎರಡು ಬೇರೆ ಮರಗಳು. ಒಂದು ಲೋಕಕ್ಕೆ ತೋರಿಸುವ ವಿಳಾಸಗಳದ್ದು, ಇನ್ನೊಂದು ಡಿಸ್ಕಿನೊಳಗಿನದು. ಡಿಸ್ಕಿನ ಮರದ ಯಾವ ಕೊಂಬೆಯನ್ನು ಲೋಕದ ಮರಕ್ಕೆ ಬೇರಾಗಿ ತೋರಿಸಬೇಕು ಎಂದು ಸರ್ವರ್ ನಡೆಸುವವರು ತೀರ್ಮಾನಿಸುತ್ತಾರೆ. ಅಪಾಚೆ ಎಂಬ ಸರ್ವರಿನ ಭಾಷೆಯಲ್ಲಿ ಅದಕ್ಕೆ ಡಾಕ್ಯುಮೆಂಟ್‌ರೂಟ್ ಎಂದು ಹೆಸರು. ಸ್ಲ್ಯಾಶ್‌ನಿಂದ ಶುರುವಾಗುವ ಪಾತ್ ಎಚ್‌ಟಿಎಂಎಲ್ ಲಿಂಕಿನಲ್ಲಿದ್ದರೆ ಒಂದು ಬೇರಿನಿಂದ ಎಣಿಕೆ, ಪಿಎಚ್‌ಪಿ ಕೋಡಿನಲ್ಲಿದ್ದರೆ ಇನ್ನೊಂದು ಬೇರಿನಿಂದ.

ಮೊದಮೊದಲು ಸರ್ವರ್ ಮಾಡುತ್ತಿದ್ದದ್ದು ಬಹುಮಟ್ಟಿಗೆ ಇದ್ದ ಫೈಲನ್ನು ಇದ್ದ ಹಾಗೆ ಕಳಿಸಿಕೊಡುವುದು. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಸರ್ವರಿನ ಸುತ್ತ ಸಿಜಿಐ ಎಂಬ ಒಪ್ಪಂದ ರೂಪುಗೊಂಡಿತು. ಯಾರಾದರೂ ಪುಟ ಕೇಳಿದಾಗ ಸರ್ವರ್ ಒಂದು ಪ್ರೋಗ್ರಾಮನ್ನು ಓಡಿಸಿ, ಅದು ಬರೆದುಕೊಟ್ಟದ್ದನ್ನು ಕಳಿಸುವುದು. ವೆಬ್ ಪ್ರೋಗ್ರಾಮಿಂಗ್ ಎಂದು ಈಗ ನಾವು ಕರೆಯುವುದರ ಒಂದು ಮುಖ್ಯ ಮೊದಲ ಹೆಜ್ಜೆ ಇದು. ಟರ್ಮಿನಲ್ ಮುಂದಿನ ಮನುಷ್ಯ ಮಾಯವಾದದ್ದೂ ಇಲ್ಲೇ. ಪ್ರೋಗ್ರಾಮನ್ನು ಓಡಿಸುವುದು ಈಗ ಸರ್ವರ್. ಓಡುವಾಗಿನ 'ಇಲ್ಲಿ' ಅದು ಕೊಟ್ಟದ್ದು. ಸ್ಕ್ರಿಪ್ಟಿಗೆ ತಾನು ಎಲ್ಲಿದ್ದೇನೆಂದು ತಿಳಿಯಲು ಸರ್ವರ್ ಕೆಲವು ಚೀಟಿಗಳನ್ನು ಕೈಗಿಡುತ್ತದೆ: ಸ್ಕ್ರಿಪ್ಟಿನ ಹೆಸರು, ವಿಳಾಸದಲ್ಲಿ ಉಳಿದ ಭಾಗ, ಅದನ್ನು ಡಿಸ್ಕಿಗೆ ಅನುವಾದಿಸಿದರೆ ಸಿಗುವ ಪಾತ್. ಆದರೆ ಸ್ಕ್ರಿಪ್ಟ್ ನೇಮ್ ಎಂಬ ಚೀಟಿಯಲ್ಲಿರುವುದು ಲೋಕದ ಮರದ ವಿಳಾಸ. ಅದನ್ನು ಡಿಸ್ಕಿನ ಪಾತ್ ಎಂದು ತಿಳಿದು ಫೈಲು ಹುಡುಕಿದರೆ ಸಿಗುವುದಿಲ್ಲ.

ಈ ಒಪ್ಪಂದ 2004ರಲ್ಲಿ ಆರ್‌ಎಫ್‌ಸಿ 3875 ಎಂಬ ದಾಖಲೆಯಾಗಿ ಹೊರಬಂತು. ಯುನಿಕ್ಸ್ ಯಂತ್ರಗಳ ಮಟ್ಟಿಗೆ ಅದು ಒಂದು ಸಲಹೆ ಕೊಡುತ್ತದೆ: ಸ್ಕ್ರಿಪ್ಟ್ ಓಡುವಾಗ ಅದು ಇರುವ ಡೈರೆಕ್ಟರಿಯನ್ನೇ ವರ್ಕಿಂಗ್ ಡೈರೆಕ್ಟರಿಯಾಗಿ ಮಾಡುವುದು ಒಳ್ಳೆಯದು. ಮಾಡಲೇಬೇಕು ಎಂದಲ್ಲ, ಮಾಡತಕ್ಕದ್ದು ಎಂಬ ಮೆದು ಮಾತು. ಕಾಗದದ 'ಇಲ್ಲಿ' ಬರೆದವರ ಮನೆಯೇ ಆಗಿರಲಿ ಎಂಬ ಆಸೆ ಆ ಸಲಹೆಯಲ್ಲಿದೆ. ಆದರೆ ಸಲಹೆಯನ್ನು ಪಾಲಿಸುವವರೂ ಇದ್ದರು, ಬಿಟ್ಟವರೂ ಇದ್ದರು. ಹಾಗಾಗಿ ಒಂದೇ ಸ್ಕ್ರಿಪ್ಟ್ ಒಂದು ಕಡೆ ನಡೆದು ಇನ್ನೊಂದು ಕಡೆ ಬೀಳುವ ಕಾಲ ಶುರುವಾಯಿತು.

ಪಿಎಚ್‌ಪಿಯ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ರಾಸ್ಮಸ್ ಲೆರ್ಡಾರ್ಫ್ ತಮ್ಮ ರೆಸ್ಯೂಮೆ ಪುಟವನ್ನು ಯಾರು ಯಾರು ನೋಡುತ್ತಿದ್ದಾರೆಂದು ತಿಳಿಯಲು 1994ರಲ್ಲಿ ಬರೆದುಕೊಂಡ ಸಣ್ಣ ಸಿಜಿಐ ಪ್ರೋಗ್ರಾಮುಗಳಿಂದ ಅದು ಬೆಳೆಯಿತು. 1995ರ ಜೂನ್‌ನಲ್ಲಿ ಎಲ್ಲರಿಗೂ ಸಿಕ್ಕಿತು. ಅದರಲ್ಲಿ ಸ್ಕ್ರಿಪ್ಟನ್ನು ವೆಬ್ ಮೂಲಕ ಸಿಜಿಐ ಪದ್ಧತಿಯಲ್ಲಿ ಓಡಿಸಿದರೆ, ಸ್ಕ್ರಿಪ್ಟ್ ಇರುವ ಜಾಗವೇ 'ಇಲ್ಲಿ' ಆಗುತ್ತದೆ. ಅದೇ ಸ್ಕ್ರಿಪ್ಟನ್ನು ಟರ್ಮಿನಲ್‌ನಿಂದ ಓಡಿಸಿದರೆ ನೀವು ನಿಂತ ಜಾಗವೇ 'ಇಲ್ಲಿ'. ಪಿಎಚ್‌ಪಿಯ ಕೈಪಿಡಿಯೇ ಈ ವ್ಯತ್ಯಾಸವನ್ನು ಉದಾಹರಣೆ ಸಮೇತ ಹೇಳಿದೆ. ಹಗಲೆಲ್ಲ ಬ್ರೌಸರಿನಲ್ಲಿ ಸರಿಯಾಗಿ ನಡೆಯುವ ಪುಟವನ್ನು, ರಾತ್ರಿ ಎರಡು ಗಂಟೆಗೆ ತಾನಾಗಿ ಓಡಲಿ ಎಂದು ಕ್ರಾನ್ ಎಂಬ ವೇಳಾಪಟ್ಟಿಗೆ ಸೇರಿಸಿದರೆ, ಕ್ರಾನ್ ಸಾಮಾನ್ಯವಾಗಿ ಬಳಕೆದಾರನ ಹೋಮ್ ಫೋಲ್ಡರಿನಲ್ಲಿ ನಿಂತು ಅದನ್ನು ಕರೆಯುತ್ತದೆ. ಕೋಡಿನ ಒಂದಕ್ಷರವೂ ಬದಲಾಗಿರುವುದಿಲ್ಲ, ಬೆಳಿಗ್ಗೆ ನೋಡಿದರೆ ಕೆಲಸ ಆಗಿರುವುದಿಲ್ಲ.

ಹಾಗಾದರೆ ಕಾಗದವೇ ತನ್ನ ಮನೆಯ ವಿಳಾಸವನ್ನು ತಿಳಿದಿರಬೇಕು. ಒಂದು ಸಾಲಿನ ಉತ್ತರ ಇದೇ: ಓಡಿಸುವವರ 'ಇಲ್ಲಿ'ಯನ್ನು ನಂಬಬೇಡಿ, ಫೈಲಿನ ಸ್ವಂತ ವಿಳಾಸದಿಂದ ದಾರಿ ಕಟ್ಟಿ. ಪಿಎಚ್‌ಪಿಯಲ್ಲಿ ಇದಕ್ಕಾಗಿ ಒಂದು ವಿಶೇಷ ಹೆಸರಿದೆ. 'ಫೈಲ್' ಎಂದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದು, ಹಿಂದೆ ಎರಡು ಮುಂದೆ ಎರಡು ಅಂಡರ್‌ಸ್ಕೋರ್ ಹಾಕಿದರೆ, ಆ ಸಾಲು ಯಾವ ಫೈಲಿನಲ್ಲಿದೆಯೋ ಅದರ ಪೂರ್ತಿ ಪಾತ್ ಸಿಗುತ್ತದೆ. ಯಾರು ಕರೆದರೂ, ಎಲ್ಲಿಂದ ಕರೆದರೂ ಅದು ಬದಲಾಗುವುದಿಲ್ಲ. ಅದರಿಂದ ಫೈಲಿನ ಹೆಸರನ್ನು ಕಳಚಿ ಡೈರೆಕ್ಟರಿಯನ್ನಷ್ಟೇ ಉಳಿಸಿಕೊಳ್ಳಲು 'ಡಿರ್‌ನೇಮ್' ಎಂಬ ಫಂಕ್ಷನ್ ಬಳಸುತ್ತಿದ್ದರು. ಇದನ್ನು ಬರೆದೂ ಬರೆದೂ ಸಾಕಾದ ಮೇಲೆ, 2009ರ ಜೂನ್‌ನಲ್ಲಿ ಬಂದ ಪಿಎಚ್‌ಪಿ 5.3 ಅದಕ್ಕೆ ನೇರವಾದ ಹೆಸರು ಕೊಟ್ಟಿತು: ಡಿ, ಐ, ಆರ್ ಎಂಬ ಮೂರಕ್ಷರ, ಎರಡೂ ಬದಿಗೆ ಎರಡೆರಡು ಅಂಡರ್‌ಸ್ಕೋರ್. ಅದರ ಮುಂದೆ '/ಪಟ್ಟಿ' ಎಂದು ಸೇರಿಸಿದರೆ, ಈ ಫೈಲಿನ ಪಕ್ಕದಲ್ಲೇ ಇರುವ ಪಟ್ಟಿ. ಅದರ ಮುಂದೆ '/../ಪಟ್ಟಿ' ಎಂದು ಸೇರಿಸಿದರೆ, ಒಂದು ಮೆಟ್ಟಿಲು ಮೇಲಿನ ಫೋಲ್ಡರಿನಲ್ಲಿರುವ ಪಟ್ಟಿ. ಆದರೆ ಬರೀ './ಪಟ್ಟಿ' ಎಂದು ಬರೆದರೆ ಆ ಚುಕ್ಕಿ ಓಡಿಸುವವರ ಜಾಗ. ಕಲಿಯುವವರು ಚುಕ್ಕಿಯನ್ನು 'ಈ ಫೈಲಿನ ಪಕ್ಕ' ಎಂದು ಓದುತ್ತಾರೆ. ಯಂತ್ರ 'ಈಗ ನಿಂತ ಜಾಗ' ಎಂದು ಓದುತ್ತದೆ.

ಕನ್ನಡದ ಎಷ್ಟೋ ಜಾಲಪತ್ರಿಕೆಗಳು, ಬ್ಲಾಗುಗಳು ನಡೆಯುತ್ತಿರುವುದು 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಮೇಲೆ. ಅದರ ಸಂರಚನಾ ಫೈಲಿನ ಕೊನೆಯ ಭಾಗವನ್ನು ತೆರೆದು ನೋಡಿ. ಇಡೀ ತಾಣದ ಬೇರು ಎಲ್ಲಿದೆ ಎಂದು ಹೇಳುವ ಸಾಲು ಅಲ್ಲಿದೆ. ಹಿಂದೆ ಅದು ಡಿರ್‌ನೇಮ್ ಮೂಲಕ ಬರೆದದ್ದಾಗಿತ್ತು, ಈಗ ಆ ಮೂರಕ್ಷರದ ಹೆಸರಿನಲ್ಲಿದೆ. ಫೈಲು ತಾನಿರುವ ಜಾಗವನ್ನು ತಾನೇ ಹೇಳಿಕೊಳ್ಳುವ ಆ ಸಾಲಿನ ಆಧಾರದ ಮೇಲೆ ಉಳಿದ ನೂರಾರು ಫೈಲುಗಳು ಒಂದನ್ನೊಂದು ಕಂಡುಕೊಳ್ಳುತ್ತವೆ.

ಬೇರೆ ಭಾಷೆಗಳೂ ಇದೇ ದಾರಿಯನ್ನು ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಕಂಡುಕೊಂಡವು. ಪರ್ಲ್‌ನಲ್ಲಿ ಫೈಂಡ್‌ಬಿನ್ ಎಂಬ ಮಾಡ್ಯೂಲು ಬಂತು. ಅದರ ಕೆಲಸವೇ ಸ್ಕ್ರಿಪ್ಟಿನ ಡೈರೆಕ್ಟರಿಯನ್ನು ಹುಡುಕಿಕೊಡುವುದು. ಪೈಥಾನ್‌ನಲ್ಲಿ ಪ್ರತಿ ಫೈಲಿಗೂ ತನ್ನ ಪಾತ್ ಹೇಳುವ ಹೆಸರಿದೆ, ಆದರೆ ನೇರವಾಗಿ ಓಡಿಸಿದ ಮುಖ್ಯ ಸ್ಕ್ರಿಪ್ಟಿನಲ್ಲಿ ಅದು ಬಹುಕಾಲ ಅರ್ಧ ವಿಳಾಸವಾಗಿಯೂ ಬರುತ್ತಿತ್ತು. ನಡುವೆ ಜಾಗ ಬದಲಿಸಿದರೆ ಆ ಅರ್ಧ ವಿಳಾಸ ಸುಳ್ಳಾಗುತ್ತಿತ್ತು. 2020ರ ಪೈಥಾನ್ 3.9ರಲ್ಲಿ ಅದು ಪೂರ್ತಿ ವಿಳಾಸವಾಯಿತು. 2009ರಲ್ಲಿ ಬಂದ ನೋಡ್‌ಜೆಎಸ್‌ನಲ್ಲಿ ಡೈರೆಕ್ಟರಿಯ ಹೆಸರು ಸಲೀಸಾಗಿ ಸಿಗುತ್ತಿತ್ತು. ಆಮೇಲೆ ಜಾವಾಸ್ಕ್ರಿಪ್ಟಿನ ಹೊಸ ಮಾಡ್ಯೂಲ್ ಪದ್ಧತಿ ಬಂದಾಗ ಆ ಹೆಸರು ಅಲ್ಲಿ ಇಲ್ಲವಾಗಿ, ಜನ ಸುತ್ತುದಾರಿ ಹಿಡಿದರು. 2023ರ ಕೊನೆಗೆ ಹೊಸ ರೂಪದಲ್ಲಿ ಅದು ವಾಪಸ್ ಬಂತು. 1965ರ ಪ್ರಶ್ನೆಯೊಂದಕ್ಕೆ ಇನ್ನೂ ಉತ್ತರ ತಿದ್ದುತ್ತಲೇ ಇದ್ದಾರೆ.

ಇದನ್ನು ಬರೀ ಅನುಕೂಲದ ವಿಷಯ ಎಂದುಕೊಳ್ಳುವ ಹಾಗಿಲ್ಲ. ಓಡಿಸುವವರ ಜಾಗವನ್ನು ನಂಬಿದರೆ, ಆ ಜಾಗದಲ್ಲಿ ಬೇರೆಯವರು ಏನನ್ನಾದರೂ ಇಟ್ಟಿರಬಹುದು. ಪರ್ಲ್ ತನಗೆ ಬೇಕಾದ ಮಾಡ್ಯೂಲುಗಳನ್ನು ಹುಡುಕುವ ಜಾಗಗಳ ಪಟ್ಟಿಯ ಕೊನೆಯಲ್ಲಿ ಆ ಒಂದು ಚುಕ್ಕಿ, ಅಂದರೆ 'ಈಗ ನಿಂತ ಜಾಗ', ಬಹಳ ವರ್ಷ ಇತ್ತು. ಎಲ್ಲರೂ ಬರೆಯಬಹುದಾದ ಫೋಲ್ಡರಿನಲ್ಲಿ ನಿಂತು ಪರ್ಲ್ ಪ್ರೋಗ್ರಾಮು ಓಡಿಸಿದರೆ, ಅಲ್ಲಿ ಮೊದಲೇ ಯಾರೋ ಇಟ್ಟ ಹುಸಿ ಮಾಡ್ಯೂಲು ಓಡಿಬಿಡಬಹುದಿತ್ತು. 2016ರಲ್ಲಿ ಇದನ್ನು ಭದ್ರತಾ ದೋಷವೆಂದು ದಾಖಲಿಸಿದರು. 2017ರ ಪರ್ಲ್ 5.26ರಲ್ಲಿ ಆ ಚುಕ್ಕಿಯನ್ನು ತೆಗೆದುಹಾಕಿದರು. ಎರಡು ಚುಕ್ಕಿಯ ಕಥೆಯೂ ಹಾಗೆಯೇ. ಪುಟದ ವಿಳಾಸದಲ್ಲಿ '../' ಎಂದು ಪದೇ ಪದೇ ತುರುಕಿ, ಲೋಕಕ್ಕೆ ತೋರಿಸದ ಫೋಲ್ಡರುಗಳಿಗೆ ಹತ್ತಿಹೋಗುವುದು ಹಳೆಯ ಕಳ್ಳದಾರಿ. 2021ರ ಅಕ್ಟೋಬರಿನಲ್ಲಿ ಅಪಾಚೆ 2.4.49ರಲ್ಲಿ ಇಂಥ ದಾರಿಯೊಂದು ತೆರೆದಿರುವುದು ಬೆಳಕಿಗೆ ಬಂತು. ಅದನ್ನು ಮುಚ್ಚಲು ತಂದ 2.4.50 ಸಾಲದೆ, ಮೂರೇ ದಿನದಲ್ಲಿ 2.4.51 ಬರಬೇಕಾಯಿತು. ಅನುಭವಿಗಳು ಕಟ್ಟಿದ, ಲೋಕವೆಲ್ಲ ಬಳಸುವ ಸರ್ವರಿನಲ್ಲೇ ಎರಡು ಮರಗಳ ನಡುವಿನ ಗಡಿ ಜಾರಬಹುದಾದರೆ, ಕಲಿಯುವವರು ಆ ಗಡಿ ಇದೆ ಎಂಬುದನ್ನು ಮೊದಲ ದಿನವೇ ತಿಳಿಯುವುದು ಒಳ್ಳೆಯದು. ಬಳಕೆದಾರರು ಕೊಟ್ಟ ಹೆಸರನ್ನು ಹಾಗೆಯೇ ಪಾತ್‌ಗೆ ಅಂಟಿಸಬಾರದು ಎಂಬ ನಿಯಮ ಅಲ್ಲಿಂದ ಬಂದದ್ದು.

ಈ ಬರಹದಲ್ಲಿ ನಾನು 'ಸೂಚಿ', 'ಪಟ್ಟಿ' ಎಂದು ಕನ್ನಡದಲ್ಲೇ ಪಾತ್ ಬರೆದಿದ್ದೇನೆ. ಓದುಗರಿಗೆ ಅನುಕೂಲವಾಗಲೆಂದು ಮಾತ್ರ ಹಾಗೆ ಬರೆದದ್ದಲ್ಲ. ಇಂದಿನ ಲಿನಕ್ಸ್ ಸರ್ವರಿನಲ್ಲಿ ನಿಜಕ್ಕೂ ಹಾಗೆ ಫೋಲ್ಡರು ಮಾಡಬಹುದು. ಯುನಿಕ್ಸ್‌ಗೆ ಹೆಸರು ಎಂದರೆ ಸಂಖ್ಯೆಗಳ ಸಾಲು. ಅದರಲ್ಲಿ ಎರಡು ಸಂಖ್ಯೆ ಮಾತ್ರ ನಿಷಿದ್ಧ: ಸೊನ್ನೆ, ಮತ್ತು ಸ್ಲ್ಯಾಶ್‌ನ ಸಂಖ್ಯೆಯಾದ 47. ಕನ್ನಡಕ್ಕೆ 1991ರ ಮೊದಲ ಯುನಿಕೋಡ್‌ನಲ್ಲೇ ಜಾಗ ಸಿಕ್ಕಿತ್ತು. ಆದರೆ ಯುನಿಕೋಡ್ ಅಕ್ಷರಗಳನ್ನು ಎರಡೆರಡು ಬೈಟುಗಳಾಗಿ ಹಾಗೆಯೇ ಇಟ್ಟರೆ ಪಾತ್ ಒಡೆಯುತ್ತದೆ. ನೆರೆಯ ತೆಲುಗಿನ 'ಯ' ಅಕ್ಷರವನ್ನೇ ನೋಡಿ; ಹಾಗೆ ಇಟ್ಟರೆ ಅದು 12, 47 ಎಂಬ ಜೋಡಿಯಾಗುತ್ತದೆ. ಆ 47ನ್ನು ಕಂಡ ಯುನಿಕ್ಸ್, ಅಕ್ಷರದ ನಡುವೆಯೇ ಸ್ಲ್ಯಾಶ್ ಇದೆ ಎಂದು ತಿಳಿದು ಹೆಸರನ್ನು ಎರಡು ತುಂಡು ಮಾಡುತ್ತದೆ.

1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ರಾತ್ರಿಯೂಟಕ್ಕೆ ಕೂತಾಗ ಇದಕ್ಕೆ ಪರಿಹಾರ ರೂಪಿಸಿದರು. ಇಂಗ್ಲಿಷೇತರ ಅಕ್ಷರಗಳ ಒಂದೊಂದು ಬೈಟೂ 128 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಯೇ ಆಗಿರಬೇಕು. ಸ್ಲ್ಯಾಶ್ ಎಂದರೆ ಎಲ್ಲೇ ಕಂಡರೂ ಸ್ಲ್ಯಾಶೇ ಆಗಿರಬೇಕು. ಇದೇ ಯುಟಿಎಫ್-8. ಅದರ ಮೊದಲ ಹೆಸರಿನಲ್ಲೇ 'ಫೈಲ್ ಸಿಸ್ಟಮ್ ಸೇಫ್' ಎಂಬ ಮಾತಿತ್ತು. ಅದರಲ್ಲಿ ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೂ ಮೂರು ಬೈಟು ಬೇಕು, ಆದರೆ ಆ ಮೂರರಲ್ಲಿ ಯಾವುದೂ 47 ಆಗಲಾರದು. ನಾವು ಇವತ್ತು ವೆಬ್‌ನಲ್ಲಿ ಓದುವ ಕನ್ನಡವೆಲ್ಲ ಹೆಚ್ಚಾಗಿ ಇದೇ ರೂಪದಲ್ಲಿದೆ. ಫೈಲಿನ ವಿಳಾಸ ಒಡೆಯಬಾರದು ಎಂಬ ಕಾಳಜಿ ಆ ರೂಪದ ಹುಟ್ಟಿನಲ್ಲೇ ಇದೆ.

ಈಗಿನ ಕಲಿಯುವವರಿಗೆ ಇನ್ನೊಂದು ಹೊಸ ತೊಡಕಿದೆ. ಮೊಬೈಲಿನಲ್ಲಿ ಬೆಳೆದವರಿಗೆ ಫೋಲ್ಡರಿನೊಳಗೆ ಫೋಲ್ಡರು ಎಂಬ ಮರವೇ ಕಂಡಿರುವುದಿಲ್ಲ. ಬೇಕಾದ್ದನ್ನು ಹುಡುಕುಪೆಟ್ಟಿಗೆಯಲ್ಲಿ ಬರೆದರೆ ಸಿಗುತ್ತದೆ; ಅದು ಎಲ್ಲಿತ್ತು ಎಂದು ಕೇಳುವ ಅಗತ್ಯ ಬೀಳುವುದಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳ ಅಧ್ಯಾಪಕರು ತರಗತಿಯಲ್ಲಿ ಇದನ್ನು ಕಂಡು ಬೆರಗಾದ ಬಗ್ಗೆ 2021ರಲ್ಲಿ ದಿ ವರ್ಜ್ ಎಂಬ ತಾಣ ಲೇಖನ ಪ್ರಕಟಿಸಿತ್ತು. ನಮ್ಮ ಶನಿವಾರದ ಗುಂಪಿನಲ್ಲೂ ನಾನು ಇದನ್ನೇ ಕಾಣುತ್ತೇನೆ. ಹಾಗಾಗಿ ಮೊದಲು ಕಾಗದದ ಮೇಲೆ ಮರವನ್ನು ಬರೆಸುತ್ತೇನೆ. ಒಂದಲ್ಲ, ಎರಡು ಮರ. ಆಮೇಲೆ ಎರಡು ಪ್ರಶ್ನೆ: ಈ ಫೈಲು ಎಲ್ಲಿದೆ? ಇದನ್ನು ಓಡಿಸುತ್ತಿರುವವರು ಎಲ್ಲಿ ನಿಂತಿದ್ದಾರೆ? ಎರಡಕ್ಕೂ ಬೇರೆ ಬೇರೆ ಉತ್ತರ ಬರೆದವರಿಗೆ ಮುಂದಿನದು ಕಷ್ಟವಾಗುವುದಿಲ್ಲ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಮಾತು ಬೇಕೆ ಎಂದು ಸಾಹಿತ್ಯದ ಓದುಗರು ಕೇಳಬಹುದು. ಕನ್ನಡದಲ್ಲಿ ಆಸಕ್ತರು ತಾವೇ ಕೂತು ಕಟ್ಟಿದ ತಾಣಗಳಿವೆ: ಪದಕೋಶ, ಲೇಖನ ಸೂಚಿ, ಹಳೆಯ ಸಂಚಿಕೆಗಳ ಸ್ಕ್ಯಾನು. ಇವು ಬಾಡಿಗೆ ಸರ್ವರಿನಲ್ಲಿರುತ್ತವೆ. ಬಾಡಿಗೆ ಕಟ್ಟುವವರು ಬದಲಾಗುತ್ತಾರೆ, ಕಂಪನಿ ಬದಲಾಗುತ್ತದೆ, ಕಟ್ಟಿದವರು ಬೇರೆ ಊರಿಗೆ ಹೋಗುತ್ತಾರೆ. ಹೊಸ ಸರ್ವರಿಗೆ ಫೈಲುಗಳನ್ನು ಎತ್ತಿಕೊಂಡು ಹೋದಾಗ ಕೋಡಿನೊಳಗೆ ಹಳೆಯ ಸರ್ವರಿನ ಪೂರ್ತಿ ಪಾತ್ ಅಚ್ಚೊತ್ತಿದಂತೆ ಬರೆದಿದ್ದರೆ ತಾಣ ಏಳುವುದಿಲ್ಲ. ಅದನ್ನು ಸರಿಪಡಿಸಬಲ್ಲವರು ಸಿಗದಿದ್ದರೆ ಆ ತಾಣ ಅಲ್ಲಿಗೇ ಮುಗಿಯಿತು. ಫೈಲುಗಳೆಲ್ಲ ಕ್ಷೇಮವಾಗಿ ಇರುತ್ತವೆ, ಒಂದಕ್ಕೊಂದು ಸಿಗುವುದಿಲ್ಲ ಅಷ್ಟೆ.

ನನ್ನ ಸೂಚಿ ಇಲ್ಲಿಯವರೆಗೆ ಮೂರು ಮನೆ ಬದಲಿಸಿದೆ: ನನ್ನ ಲ್ಯಾಪ್‌ಟಾಪು, ವಿಭಾಗದ ಹಳೆಯ ಕಂಪ್ಯೂಟರು, ಈಗ ಒಂದು ಬಾಡಿಗೆ ಸರ್ವರು. ಪ್ರತಿ ಸಲವೂ ಇಡೀ ಫೋಲ್ಡರನ್ನು ಎತ್ತಿ ಇಟ್ಟಿದ್ದೇನೆ. ಪಾತ್‌ಗಾಗಿ ಒಂದು ಸಾಲನ್ನೂ ತಿದ್ದಬೇಕಾಗಿ ಬಂದಿಲ್ಲ. ಪಿಎಚ್‌ಡಿ ಮುಗಿದ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೋ ಗೊತ್ತಿಲ್ಲ. ಅವರು ಯಾರೇ ಆಗಲಿ, ಯಾವ ಊರಿನ ಯಂತ್ರದಲ್ಲೇ ಇಟ್ಟುಕೊಳ್ಳಲಿ, ಸೂಚಿಯು ಪಕ್ಕದಲ್ಲಿರುವ ಪಟ್ಟಿಯನ್ನು ತೆರೆದು ಓದಬಲ್ಲದು.